ತ್ರಿವೇಣಿ: ಮನೆಯೆಂಬ ಶರಪಂಜರ

ತ್ರಿವೇಣಿ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ್ 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಜನಿಸಿದರು. ಬಿ.ಎಂ.ಶ್ರೀ. ಅವರಿಗೆ ದೊಡ್ಡಪ್ಪ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದು ಅವರ ಬರಹದ ದಿಕ್ಕನ್ನೇ ನಿರ್ಧರಿಸಿತು. 1953ರಲ್ಲಿ ‘ಅಪಸ್ವರ’ ಪ್ರಕಟವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ, ಕಾಡುತ್ತಿದ್ದ ಅನಾರೋಗ್ಯದ ನಡುವೆಯೇ, ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದರು.

ಜನಪ್ರಿಯ ಲೇಖಕಿಯೆಂಬ ಹಣೆಪಟ್ಟಿಯಿಂದಾಗಿ ವಿಮರ್ಶೆ ಈ ಕೃತಿಗಳ ವಸ್ತುವನ್ನಷ್ಟೇ ಗಮನಿಸಿತು, ರಚನೆಯನ್ನು ಉಪೇಕ್ಷಿಸಿತು. ಶೀರ್ಷಿಕೆಗಳೇ ಇದಕ್ಕೆ ಉತ್ತರ ಹೇಳುತ್ತವೆ. ಕೀಲುಗೊಂಬೆ, ಬೆಕ್ಕಿನ ಕಣ್ಣು, ಅವಳ ಮನೆ, ದೂರದ ಬೆಟ್ಟ: ಒಳಮನಸ್ಸಿನ ಕಥೆಗಾರ್ತಿ ಹೆಸರಿಡುವಾಗ ಕಣ್ಣಿಗೆ ಕಾಣುವ ವಸ್ತುವನ್ನೋ ಸ್ಥಳವನ್ನೋ ಆರಿಸಿಕೊಳ್ಳುತ್ತಿದ್ದರು.

‘ಶರಪಂಜರ’ದಲ್ಲಿ ಈ ಕ್ರಮ ಅತ್ಯಂತ ಸಾರ್ಥಕವಾಗಿದೆ. ಪುರಾಣದ ಬಿಲ್ಲುಗಾರ ಬಾಣಗಳನ್ನೇ ಹೆಣೆದು ಎದುರಾಳಿಯನ್ನು ಸುತ್ತುವರಿಯುತ್ತಾನೆ. ಆ ಪಂಜರಕ್ಕೆ ಬಾಗಿಲಿಲ್ಲ. ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಪಂಜರ ಎದುರಾಗುವುದು ಅಲ್ಲಿಯೇ. ಗಂಡ ಸತೀಶನ ವಿಮುಖತೆ, ಸುತ್ತಲಿನವರ ಅಂಜಿಕೆ, ಅನುಕಂಪದ ವೇಷ ತೊಟ್ಟ ಸಂಶಯ ಒಂದೊಂದೂ ಒಂದೊಂದು ಬಾಣ. ಇತರರಲ್ಲಿ ಸಹಜವೆನಿಸುವ ಕೋಪ ಅವಳಲ್ಲಿ ಮಾತ್ರ ರೋಗದ ಲಕ್ಷಣವಾಗುತ್ತದೆ. ಲೋಕ ಸೆರೆಮನೆಯೆಂದು ಹೆದರುವ ಮಾನಸಿಕ ಆಸ್ಪತ್ರೆ ಅವಳನ್ನು ಮನುಷ್ಯಳೆಂದು ಕಂಡ ತಾಣವಾಗಿ, ಆಶ್ರಯವಾಗಬೇಕಿದ್ದ ಮನೆ ಆಘಾತದ ನೆಲೆಯಾಗಿ ಮಾರ್ಪಡುತ್ತವೆ. ಈ ಪಲ್ಲಟವನ್ನು ಲೇಖಕಿ ಎಲ್ಲಿಯೂ ವಾದವಾಗಿ ಮಂಡಿಸುವುದಿಲ್ಲ. ನಿತ್ಯದ ಗೃಹಕೃತ್ಯದ ವಿವರಗಳೇ ಆ ಭಾರವನ್ನು ಹೊರುತ್ತವೆ. ಮನಶ್ಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದವರು ರೋಗಿಯ ಬದಲು ರೋಗಿಯ ಪರಿಸರವನ್ನು ಪರೀಕ್ಷೆಗೆ ಒಡ್ಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಪುಟ್ಟಣ್ಣ ಕಣಗಾಲರ ಚಲನಚಿತ್ರ (1971) ಕಾವೇರಿಯನ್ನು ಮನೆಮಾತಾಗಿಸಿತು. ಕಲ್ಪನಾ ಅವರ ಅಭಿನಯದ ಪ್ರಭಾವ ಎಷ್ಟೆಂದರೆ, ಇಂದಿಗೂ ಅನೇಕರು ಕಾದಂಬರಿಯನ್ನು ಚಿತ್ರದ ಮೂಲಕವೇ ಓದುತ್ತಾರೆ. ಕಾದಂಬರಿಯ ಮೌನಗಳಿಗೆ ಇದರಿಂದ ನಷ್ಟವಾಗಿದೆ.

ಆ ಚಿತ್ರವನ್ನು ನೋಡಲು ತ್ರಿವೇಣಿಯವರು ಉಳಿದಿರಲಿಲ್ಲ. ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ಮೈಸೂರಿನಲ್ಲಿ ನಿಧನರಾದರು. ಆಗ ಅವರಿಗೆ 34 ವರ್ಷ. ಅಪೂರ್ಣವಾಗಿ ಉಳಿದಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು.