ಹ್ಯಾರಿ ಬೋರ್

ಚಿತ್ರಪಟಗಳಲ್ಲಿ ನಾಯಕನ ಚೆಲುವನ್ನೇ ಹುಡುಕುವವರಿಗೆ ಫ್ರೆಂಚ್ ನಟ ಹ್ಯಾರಿ ಬೋರ್ ಹಿಡಿಸಲಾರನು. ಸ್ಥೂಲ ಶರೀರ, ಭಾರವಾದ ಮುಖ. ಸಾಲದುದಕ್ಕೆ, ಬೆಳ್ಳಿತೆರೆಯಲ್ಲಿ ಅವನು ಹೆಸರು ಪಡೆಯುವ ಹೊತ್ತಿಗೆ ವಯಸ್ಸು ಐವತ್ತು. ಆದರೂ ಆ ಕಾಲದ ಫ್ರಾನ್ಸಿನಲ್ಲಿ ಅವನಿಗೆ ಸರಿದೊರೆಯಾದ ನಟರು ಬೆರಳೆಣಿಕೆಯಷ್ಟು ಎಂದೇ ನಾವು ತಿಳಿಯುತ್ತೇವೆ.

ಬೋರ್ ಹುಟ್ಟಿದ್ದು 1880ರ ಏಪ್ರಿಲ್ 12ರಂದು, ಪ್ಯಾರಿಸಿನ ಮಗ್ಗುಲಲ್ಲಿರುವ ಮೊಂರೂಜ್‌ನಲ್ಲಿ. ಬಹುಕಾಲ ರಂಗಭೂಮಿಯಲ್ಲಿ ದುಡಿದನು, ಮೂಕಚಿತ್ರಗಳಲ್ಲಿಯೂ ಕಾಣಿಸಿಕೊಂಡನು. ಆದರೆ ತೆರೆಗೆ ಮಾತು ಬಂದ ಮೇಲೆಯೇ ಅವನ ಕಾಲ ಬಂದದ್ದು. 1931ರಲ್ಲಿ ದುವಿವಿಯೆ ನಿರ್ದೇಶಿಸಿದ 'ದಾವಿದ್ ಗೋಲ್ಡರ್' ಚಿತ್ರದಲ್ಲಿ, ಹಣ ಗಳಿಸಿ ನೆಮ್ಮದಿ ಕಳೆದುಕೊಂಡ ಮುದಿ ಯಹೂದಿ ಸಾಹುಕಾರನಾದನು. ಮುಂದೆ ಪತ್ತೇದಾರ ಮೆಗ್ರೆಯಾದನು, ಸಂಗೀತಗಾರ ಬೆಥೋವೆನ್ನನೂ ಆದನು.

ಇವೆಲ್ಲಕ್ಕೂ ಮಿಗಿಲಾದುದು 1934ರ 'ಲೆ ಮಿಸರಾಬ್ಲ್'. ವಿಕ್ಟರ್ ಹ್ಯೂಗೋನ ಕಾದಂಬರಿಯನ್ನು ರೇಮೊಂ ಬೆರ್ನಾರ್ ಮೂರು ಭಾಗಗಳಲ್ಲಿ, ನಾಲ್ಕು ಗಂಟೆಗೂ ಮೀರಿದ ಚಿತ್ರವಾಗಿ ತೆಗೆದನು. ಹಿಂದೆ ಸೆರೆವಾಸ ಕಂಡು, ಈಗ ಹೆಸರು ಬದಲಿಸಿ ಊರಿನ ಮೇಯರಾಗಿರುವ ಜಾನ್ ವಾಲ್ಜಾನ್ ಬೋರನೇ. ವಾಲ್ಜಾನನೆಂದು ತಪ್ಪಾಗಿ ಹಿಡಿದು ತಂದ ಮುಗ್ಧ ಷಾಂಮಾತಿಯೂ ಬೋರನೇ. ಒಬ್ಬ ಸುಮ್ಮನಿದ್ದರೆ ಮತ್ತೊಬ್ಬ ಸೆರೆಮನೆಗೆ ಹೋಗುತ್ತಾನೆ. ನ್ಯಾಯಾಲಯದಲ್ಲಿ ವಾಲ್ಜಾನ್ ಎದ್ದುನಿಂತು ತನ್ನ ನಿಜವನ್ನು ಹೊರಗೆಡಹುವ ಆ ದೃಶ್ಯವೊಂದನ್ನಾದರೂ ವಾಚಕರು ನೋಡಬೇಕು. ಒಂದೇ ಮುಖ ಎರಡು ಜೀವಗಳನ್ನು ಹೊತ್ತಿದೆ.

1940ರಲ್ಲಿ ಜರ್ಮನರು ಪ್ಯಾರಿಸನ್ನು ಹಿಡಿದರು. ಬೋರ್ ಯಹೂದಿಯೆಂದು ಅವರ ಪಕ್ಷದ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಅವನು ಕ್ಯಾಥೊಲಿಕ್, ಅವನ ಎರಡನೆಯ ಪತ್ನಿ, ನಟಿ ರಿಕಾ ರಾಡಿಫೆ, ಯಹೂದಿ ಮೂಲದವಳು. ತಾನು ಯಹೂದಿಯಲ್ಲವೆಂದು ಬೋರ್ ಹೇಳಿಕೊಂಡನು. ಜರ್ಮನರ ಹಣದಿಂದ ನಡೆಯುತ್ತಿದ್ದ ಕಂಪನಿಯ ಚಿತ್ರಗಳಲ್ಲಿ ನಟಿಸಿದನು. ಬರ್ಲಿನ್ನಿಗೂ ಹೋಗಿ ಒಂದು ಚಿತ್ರ ಮಾಡಿಬಂದನು. ಇದಕ್ಕಾಗಿ ಅವನನ್ನು ಹಳಿದವರುಂಟು. ಮನೆಯ ಹೊಸ್ತಿಲಲ್ಲಿ ಭಯ ನಿಂತಿರುವಾಗ ಮನುಷ್ಯ ಏನು ಮಾಡಿಯಾನು? ನಾವು ಹಳಿಯಲಾರೆವು.

ಅದರಿಂದಲೂ ಅವನು ಉಳಿಯಲಿಲ್ಲ. 1942ರ ಮೇ ತಿಂಗಳಲ್ಲಿ ಗೆಸ್ಟಾಪೋ ಅವನನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಹೊರಬಿಟ್ಟಾಗ ಆ ಭಾರಿ ದೇಹ ಬಡಕಲಾಗಿತ್ತು. ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 1943ರ ಏಪ್ರಿಲ್ 8ರಂದು, ಅರುವತ್ತಮೂರು ತುಂಬಲು ನಾಲ್ಕು ದಿನವಿರುವಾಗ, ಪ್ಯಾರಿಸಿನಲ್ಲಿ ತೀರಿಕೊಂಡನು. ಮೊಂಮಾರ್ತ್ರ್‌ನ ಸೇಂಟ್ ವಿನ್ಸೆಂಟ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.