ಪುರಂದರದಾಸರು ತೀರಿಕೊಂಡ ವರ್ಷ ಯಾವುದು?

ಹೋದ ಸಲದ ಪುರಂದರದಾಸರ ಆರಾಧನೆ ನೆನಪಿದೆ ತಾನೆ? ಸೆಮಿನಾರ್ ಹಾಲಿನಲ್ಲಿ ಮೈಕ್ ಎರಡು ಸಲ ಕೈಕೊಟ್ಟ ದಿನ. ಅವತ್ತು ಬಾಗಿಲಲ್ಲಿ ಹಂಚಿದ ಪಾಂಪ್ಲೆಟ್‌ನ ಹಿಂದಿನ ಪುಟದಲ್ಲಿ ದಾಸರ ಜೀವನವನ್ನು ಹತ್ತು ಸಾಲಲ್ಲಿ ಹಾಕಿದ್ವಿ. ಹುಟ್ಟಿದ್ದು 1484, ಪುರಂದರಗಡದಲ್ಲಿ. ತೀರಿಕೊಂಡಿದ್ದು 1564, ಹಂಪಿಯಲ್ಲಿ. ರಚಿಸಿದ ಹಾಡು 4,75,000. ಸರಳೆ, ಜಂಟಿ, ಅಲಂಕಾರ ಎಲ್ಲ ಅವರೇ ಮಾಡಿಕೊಟ್ಟಿದ್ದು. ಇಷ್ಟು ಬರೆಯೋಕೆ ನಮಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ಲ್ಯಾಬ್ ರೆಕಾರ್ಡ್ ಬರೆದ ಹಾಗೇ ಬರೆದಿದ್ವಿ, ಅಂದ್ರೆ ಇನ್ನೊಬ್ಬರದ್ದನ್ನು ನೋಡಿಕೊಂಡು.

ಅತಿಥಿಯಾಗಿ ಬಂದಿದ್ದವರು ಕಿಕ್ಕೇರಿಯ ಒಬ್ಬ ನಿವೃತ್ತ ಸಂಗೀತ ಟೀಚರ್. ಕಾರ್ಯಕ್ರಮ ಮುಗಿದ ಮೇಲೆ ಪಾಂಪ್ಲೆಟ್ ವಾಪಸ್ ಕೊಟ್ಟರು. ಪೆನ್ಸಿಲ್‌ನಲ್ಲಿ ಐದು ಕಡೆ ಗೆರೆ ಎಳೆದಿದ್ದರು. ಬೈಲಿಲ್ಲ. ಒಂದು ಭಾನುವಾರ ಊರಿಗೆ ಬನ್ನಿ, ತಿಂಡಿ ಕೊಡ್ತೀನಿ, ಮಾತಾಡೋಣ ಅಂದರು. ತಿಂಡಿ ಅಂದ ಮೇಲೆ ಕೇಳಬೇಕೆ, ಕೆ.ಆರ್.ಪೇಟೆಯಲ್ಲಿ ಬಸ್ ಬದಲಾಯಿಸಿ ಆರು ಜನ ಹೋದ್ವಿ.

ಕಿಕ್ಕೇರಿ ಅಂದರೆ ನಮಗೆ ಗೊತ್ತಿದ್ದಿದ್ದು ಕೆ.ಎಸ್. ನರಸಿಂಹಸ್ವಾಮಿಯವರ ಊರು ಅಂತ ಮಾತ್ರ. ಟೀಚರ್ ನಮ್ಮನ್ನ ಮೊದಲು ಬ್ರಹ್ಮೇಶ್ವರ ದೇವಸ್ಥಾನಕ್ಕೆ ಕಳಿಸಿದರು. ಹೊಯ್ಸಳರ ಕಾಲದ್ದು. 1171ರಲ್ಲಿ ಬಮ್ಮವ್ವೆ ನಾಯಕಿತಿ ಅನ್ನೋ ಹೆಣ್ಣುಮಗಳು ಕಟ್ಟಿಸಿದ್ದು ಅಂತ ಶಾಸನದಿಂದ ತಿಳಿದಿದೆ. ಯಾಕೆ ಕಳಿಸಿದರು ಅಂತ ವಾಪಸ್ ಬಂದು ಇಡ್ಲಿ ತಿನ್ನೋವಾಗ ಗೊತ್ತಾಯ್ತು. ಹೆಸರೇ ಕೇಳಿರದ ಒಬ್ಬಳು ಕಟ್ಟಿಸಿದ ಗುಡಿಗೆ ಕಲ್ಲಿನಲ್ಲಿ ಇಸವಿ ಇದೆ. ಅವಳಿಗಿಂತ ಮುನ್ನೂರು ವರ್ಷಕ್ಕೂ ಈಚಿನ ಪುರಂದರದಾಸರು ನಾಡಿನ ಮನೆಮನೆಗೂ ಗೊತ್ತು, ಆದರೆ ಅವರು ಹುಟ್ಟಿದ ಇಸವಿ ಯಾವ ಕಲ್ಲಿನ ಮೇಲೂ ಇಲ್ಲ.

ಅವತ್ತಿನಿಂದ ಮೂರು ತಿಂಗಳು ಇಂಟರ್ನಲ್ಸ್ ನಡುವೆ ಓದಿ, ಜಗಳ ಆಡಿ, ಆ ಹತ್ತು ಸಾಲನ್ನ ಮತ್ತೆ ಬರೆಯೋಕೆ ಕೂತಿದ್ದೀವಿ. ಇದು ಅದರ ಕಥೆ.

ಮೊದಲು ಎಲ್ಲರಿಗೂ ಗೊತ್ತಿರೋ ಜೀವನ. ಶ್ರೀನಿವಾಸ ನಾಯಕ ಅನ್ನೋ ಶ್ರೀಮಂತ ಚಿನಿವಾರ, ಒಡವೆ ಒತ್ತೆ ಇಟ್ಟುಕೊಂಡು ಸಾಲ ಕೊಡೋನು. ನವಕೋಟಿ ನಾರಾಯಣ ಅಂತಲೇ ಹೆಸರು. ಕೈ ಬಿಗಿ ಅಂದರೆ ಬಿಗಿ. ಒಬ್ಬ ಬಡ ಬ್ರಾಹ್ಮಣ ಮಗನ ಉಪನಯನಕ್ಕೆ ದುಡ್ಡು ಕೇಳಿಕೊಂಡು ಅಂಗಡಿಗೆ ಬರ್ತಾನೆ, ನಾಯಕ ನಾಳೆ ನಾಡಿದ್ದು ಅಂತ ಓಡಾಡಿಸ್ತಾನೆ. ಬೇಸತ್ತವನು ನಾಯಕನ ಮನೆಗೇ ಹೋಗಿ ಹೆಂಡತಿ ಸರಸ್ವತೀಬಾಯಿಯನ್ನು ಕೇಳ್ತಾನೆ. ಆಕೆ ಮೂಗುತಿ ಬಿಚ್ಚಿ ಕೊಡ್ತಾಳೆ. ಅವನು ಅದನ್ನ ತಂದು ಒತ್ತೆ ಇಡೋದು ಅದೇ ಅಂಗಡಿಯಲ್ಲಿ! ನಾಯಕ ಗುರುತು ಹಿಡಿದು, ಪೆಟ್ಟಿಗೆಗೆ ಬೀಗ ಹಾಕಿ, ಮನೆಗೆ ಬಂದು ಮೂಗುತಿ ತೋರಿಸು ಅಂತಾನೆ. ದಿಕ್ಕು ತೋಚದೆ ಆಕೆ ವಿಷ ಕುಡಿಯೋಕೆ ಬಟ್ಟಲು ಎತ್ತಿದಾಗ ಅದರಲ್ಲಿ ಮೂಗುತಿ ಬಿದ್ದಿರುತ್ತೆ. ಅಂಗಡಿಗೆ ಓಡಿ ನೋಡಿದರೆ ಪೆಟ್ಟಿಗೆ ಖಾಲಿ. ನಾಯಕ ಅಷ್ಟೂ ಆಸ್ತಿ ದಾನ ಮಾಡಿ, ಹೆಂಡತಿ ಮಕ್ಕಳನ್ನ ಕರಕೊಂಡು ವಿಜಯನಗರಕ್ಕೆ ನಡೆದು, ವ್ಯಾಸರಾಯರ ಹತ್ತಿರ ದೀಕ್ಷೆ ತಗೊಂಡು ಪುರಂದರದಾಸರಾಗ್ತಾರೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಮನೆಮನೆ ಮುಂದೆ ಹಾಡಿ ಅವತ್ತಿನ ಅಕ್ಕಿ ಅವತ್ತಿಗೆ. 1964ರಲ್ಲಿ ಬಂದ ನವಕೋಟಿ ನಾರಾಯಣ ಸಿನಿಮಾದಲ್ಲಿ ಡಾ. ರಾಜ್‌ಕುಮಾರ್ ಈ ಪಾತ್ರ ಮಾಡಿದರು. ನಮ್ಮ ಅಜ್ಜಿಯರಿಗೆ ದಾಸರ ಮುಖ ಅಂದರೆ ಇವತ್ತಿಗೂ ಅಣ್ಣಾವ್ರ ಮುಖವೇ.

ಈ ಕಥೆ ಎಲ್ಲಿಂದ ಬಂತು? ದಾಸರ ಕಾಲದ ಯಾವ ಚರಿತ್ರೆಯಿಂದಲೂ ಅಲ್ಲ. ನಂತರದ ಹರಿದಾಸರು, ಮುಖ್ಯವಾಗಿ ವಿಜಯದಾಸರು, ತಮ್ಮ ಹಾಡುಗಳಲ್ಲಿ ಪುರಂದರದಾಸರ ಬದುಕನ್ನ ನೆನೆದು ಉಳಿಸಿದರು. ವಿಜಯದಾಸರ ಕಾಲ 1682ರಿಂದ 1755. ಅಂದ್ರೆ ನಡುವೆ ಹೆಚ್ಚುಕಮ್ಮಿ ನೂರೈವತ್ತು ವರ್ಷದ ಅಂತರ. ಹಾಗಂತ ಸುಳ್ಳು ಅಂತ ತಳ್ಳಿಹಾಕೋಕೂ ಆಗಲ್ಲ. ದುಡ್ಡಿನ ಲೆಕ್ಕ, ಬಡ್ಡಿ, ಒಡವೆ, ಸಂತೆಯ ಮಾತು ದಾಸರ ಹಾಡುಗಳಲ್ಲಿ ಎಷ್ಟು ಸಲೀಸಾಗಿ ಬರುತ್ತೆ ಅಂದರೆ ಅಂಗಡಿಯಲ್ಲಿ ಕೂತವರಲ್ಲದೆ ಬೇರೆಯವರು ಹಾಗೆ ಬರೆಯೋದು ಕಷ್ಟ ಅಂತ ನಮಗನ್ನಿಸುತ್ತೆ. ಮೂಗುತಿ ಬಟ್ಟಲಿಗೆ ಬಿದ್ದಿದ್ದು ಭಕ್ತರ ನಂಬಿಕೆ. ವ್ಯಾಪಾರಿಯೊಬ್ಬ ವ್ಯಾಪಾರ ಬಿಟ್ಟ ಅನ್ನೋದು ಇತಿಹಾಸ ಆಗಿರಬಹುದು. ಎರಡನ್ನೂ ಒಂದೇ ಸಾಲಿನಲ್ಲಿ, ಒಂದೇ ದನಿಯಲ್ಲಿ ಅಚ್ಚು ಹಾಕಿದ್ದು ನಮ್ಮ ತಪ್ಪು.

ಇಲ್ಲೊಂದು ತಮಾಷೆ ನೋಡಿ. ಗುರುಗಳಾದ ವ್ಯಾಸರಾಯರು ನಮ್ಮ ಶ್ರೀರಂಗಪಟ್ಟಣಕ್ಕೆ ದೂರವಲ್ಲದ ಬನ್ನೂರಿನವರು. ಅವರ ಜೀವನಚರಿತ್ರೆಯನ್ನು ಅವರ ಕಾಲದಲ್ಲೇ ಇದ್ದ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ. ಶಿಷ್ಯರದ್ದನ್ನು ಹಾಗೆ ಬರೆದಿಟ್ಟವರಿಲ್ಲ. ಮಠಾಧಿಪತಿಗಳಿಗೆ ಕವಿ ಸಿಗ್ತಾನೆ, ಬೀದಿಯಲ್ಲಿ ಹಾಡೋನಿಗೆ ಯಾರು ಸಿಗ್ತಾರೆ? ಕೃಷ್ಣದೇವರಾಯನ ಕಾಲದ ಕಮಲಾಪುರದ ತಾಮ್ರಶಾಸನ ಒಂದಿದೆ, 1526ರದು. ವ್ಯಾಸರಾಯರು ತಮಗೆ ಬಂದ ಊರಿನ ಪಾಲನ್ನು ಹಂಚಿದವರ ಪಟ್ಟಿಯಲ್ಲಿ ಪುರಂದರದಾಸರ ಮಕ್ಕಳು ಇದ್ದಾರೆ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಆ ಹೆಸರುಗಳು ಸಂಪ್ರದಾಯ ಹೇಳೋ ಮಕ್ಕಳ ಹೆಸರಿಗೆ ಪೂರ್ತಿ ಹೊಂದಲ್ಲ. ಅಲ್ಲೂ ಒಂದು ಜಗಳ.

ಊರಿನ ಜಗಳ ಇದಕ್ಕಿಂತ ಜೋರು. ಅಂಕಿತದಲ್ಲಿ ಪುರಂದರ ಅಂತ ಇರೋದರಿಂದ ಪುಣೆ ಹತ್ತಿರದ ಪುರಂದರಗಡವೇ ಊರು ಅಂತ ಬಹಳ ಕಾಲ ಪುಸ್ತಕಗಳಲ್ಲಿ ಬಂತು. ನಾವೂ ಅದನ್ನೇ ಇಳಿಸಿದ್ವಿ. ಇನ್ನೊಂದು ಪಕ್ಷದವರು ದಾಸರು ಮಲೆನಾಡಿನವರು, ತೀರ್ಥಹಳ್ಳಿ ಸೀಮೆಯ ಕ್ಷೇಮಪುರದವರು ಅಂತಾರೆ. ಕನ್ನಡದ ಒಳಮನೆಯ ಮಾತು, ಗಾದೆ, ಬೈಗುಳ ಇಷ್ಟು ಸಹಜವಾಗಿ ಬರೋನು ಮರಾಠಿ ಸೀಮೆಯಿಂದ ಬಂದಿರಲಾರ ಅನ್ನೋದು ಅವರ ವಾದ. ಕೆಲವು ವರ್ಷದ ಹಿಂದೆ ನಮ್ಮ ಸರ್ಕಾರದ ತಜ್ಞರ ಸಮಿತಿಯೂ ಮಲೆನಾಡು ಅಂತಲೇ ಹೇಳಿತು. ಸಮಿತಿ ಕರ್ನಾಟಕದ್ದು, ತೀರ್ಮಾನವೂ ಕರ್ನಾಟಕದ ಕಡೆಗೆ. ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಒಲವೂ ಮಲೆನಾಡಿನ ಕಡೆಗೇ, ಆದರೆ ಒಲವು ಪುರಾವೆ ಅಲ್ಲ ಅಂತ ಟೀಚರ್ ಪೆನ್ಸಿಲ್ ಹೇಳ್ತಿತ್ತು.

ಇನ್ನು 4,75,000. ಕ್ಯಾಲ್ಕುಲೇಟರ್ ತೆಗೀರಿ. ದಾಸರಾದ ಮೇಲೆ ನಲವತ್ತು ವರ್ಷ ಅಂತಿಟ್ಟುಕೊಂಡರೆ 14,600 ದಿನ. ದಿನಕ್ಕೆ 32ಕ್ಕಿಂತ ಹೆಚ್ಚು ಹಾಡು. ಭಿಕ್ಷೆಗೆ ಹೋಗಬೇಕು, ಪೂಜೆ ಆಗಬೇಕು, ನಿದ್ದೆನೂ ಮಾಡಬೇಕು. ಈ ಸಂಖ್ಯೆ ದಾಸರದೇ ಅನ್ನೋ ಒಂದು ಹಾಡಿನಲ್ಲೇ ಇದೆ. ಐದು ಲಕ್ಷಕ್ಕೆ ಕಮ್ಮಿಯಾದ 25,000ವನ್ನು ವಿಜಯದಾಸರು ಪೂರೈಸಿದರು ಅಂತ ಸಂಪ್ರದಾಯ. ನಮ್ಮ ಸಿವಿಲ್ ಗೆಳೆಯ ಇದು ಬರೀ ಉತ್ಪ್ರೇಕ್ಷೆ ಅಂತ ಕೈ ಕೊಡವಿಬಿಟ್ಟ. ಟೀಚರ್ ಹೇಳಿದ್ದು ಬೇರೆ. ಹಳೇ ಕಾಲದಲ್ಲಿ ಕೃತಿಯ ಗಾತ್ರವನ್ನ ಗ್ರಂಥ ಅನ್ನೋ ಅಳತೆಯಲ್ಲಿ ಎಣಿಸೋ ರೂಢಿ ಇತ್ತು. 32 ಅಕ್ಷರ ಸೇರಿದರೆ ಒಂದು ಗ್ರಂಥ. ಎಣಿಕೆ ಹಾಡಿನದಲ್ಲ, ಹೀಗೆ ಗ್ರಂಥದ್ದೋ ನುಡಿಯದ್ದೋ ಇರಬಹುದು ಅಂತ ಕೆಲವರ ಊಹೆ. ಒಂದು ಹಾಡಿಗೆ ಹತ್ತು ಗ್ರಂಥ ಅಂದುಕೊಂಡರೆ 47,500 ಹಾಡು, ದಿನಕ್ಕೆ ಮೂರು ಚಿಲ್ಲರೆ. ಆಗಲೂ ಜಾಸ್ತಿಯೇ, ಆದರೆ ಮನುಷ್ಯರಿಂದ ಸಾಧ್ಯ. ಯುನಿಟ್ ಬರೀದೆ ಬರೀ ನಂಬರ್ ಬರೆದರೆ ವೈವಾದಲ್ಲಿ ಏನಾಗುತ್ತೆ ಅಂತ ನಮಗೆ ಗೊತ್ತಿದ್ದೂ ಪಾಂಪ್ಲೆಟ್‌ನಲ್ಲಿ ಅದನ್ನೇ ಮಾಡಿದ್ವಿ. ಇವತ್ತು ನಮ್ಮ ಕೈಲಿ ಉಳಿದಿರೋದು ಸಾವಿರದ ಲೆಕ್ಕದಲ್ಲಿ ಮಾತ್ರ. ಅದೂ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದು, 1850ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ದಾಸರ ಪದಗಳನ್ನ ಮೊದಲ ಸಲ ಅಚ್ಚು ಹಾಕಿಸಿದ ಮೇಲೆ ಪುಸ್ತಕ ಸೇರಿದವು.

ಸಂಗೀತ ಪಿತಾಮಹ ಅನ್ನೋ ಬಿರುದಿನ ಕೆಳಗೂ ಪೆನ್ಸಿಲ್ ಗೆರೆ ಇತ್ತು. ಸಂಗೀತ ಕಲಿತವರೆಲ್ಲ ಮಾಯಾಮಾಳವಗೌಳದಲ್ಲಿ ಸರಳೆ ಶುರು ಮಾಡಿದವರೇ, ಅದನ್ನ ಗೊತ್ತುಮಾಡಿದವರು ದಾಸರು ಅಂತ ಗುರುಪರಂಪರೆ ಹೇಳುತ್ತೆ. ಆದರೆ ರಾಗದ ಹಿಂದಿರೋ ಮಾಯಾ ಅನ್ನೋ ಎರಡಕ್ಷರ ಕಟಪಯಾದಿ ಲೆಕ್ಕದ್ದು. ಮ ಅಂದರೆ 5, ಯ ಅಂದರೆ 1, ತಿರುಗಿಸಿದರೆ 15, ಅಂದ್ರೆ 72ರಲ್ಲಿ ಹದಿನೈದನೇ ಮೇಳ. ಆ 72ರ ಪಟ್ಟಿ ಬಂದಿದ್ದೇ ದಾಸರ ನಂತರದ ಶತಮಾನದಲ್ಲಿ. ರಾಗ ಮಾಳವಗೌಳ ಅಂತ ಮೊದಲೇ ಇತ್ತು, ಸರಿ. ಎಲ್ಲರೂ ಮೊದಲು ಕಲಿಯೋ ಮಲಹರಿಯ ಗಣಪತಿ ಗೀತೆಯಲ್ಲಿ ಅಂಕಿತವೇ ಇಲ್ಲ. ಬರಹದ ಪುರಾವೆ ಇರೋದು ಬೇರೆ ಕಡೆ. ತಂಜಾವೂರಿನ ದೊರೆ ತುಳಜ 18ನೇ ಶತಮಾನದಲ್ಲಿ ಬರೆದ ಸಂಗೀತ ಸಾರಾಮೃತದಲ್ಲಿ ದಾಸರ ಸೂಳಾದಿಗಳನ್ನ ಉದಾಹರಣೆಗೆ ತಗೊಂಡಿದ್ದಾನೆ. ತ್ಯಾಗರಾಜರು ಪ್ರಹ್ಲಾದ ಭಕ್ತಿ ವಿಜಯದ ಆರಂಭದಲ್ಲಿ ಅವರಿಗೆ ನಮಸ್ಕಾರ ಹಾಕಿದ್ದಾರೆ. ಮೊದಲ ಪಾಠದ ಪುಸ್ತಕ ಬರೆದರೋ ಇಲ್ಲವೋ, ಸೂಳಾದಿಯಂಥ ಕಷ್ಟದ ತಾಳರಚನೆಯಲ್ಲಿ ಅವರು ಆಳು ಅನ್ನೋದಕ್ಕೆ ಇಷ್ಟು ಸಾಕು. ನಮಗೆ ಮಾತ್ರ ಯಾವಾಗಲೂ ಸರಳೆಯೇ ನೆನಪಾಗೋದು, ಯಾಕೆಂದರೆ ನಮ್ಮಲ್ಲಿ ಬಹುಪಾಲು ಜನ ಅಲ್ಲೇ ಬಿಟ್ಟವರು.

ಈಗ ಐದನೇ ಗೆರೆ, 1564. ಇದೇ ನಮ್ಮನ್ನ ಬೆಚ್ಚಿಬೀಳಿಸಿದ್ದು. ಬೇರೆ ಎಲ್ಲದರಲ್ಲೂ ಜಗಳ ಇದೆ. ದಾಸರು ತೀರಿಕೊಂಡ ದಿನದಲ್ಲಿ ಇಲ್ಲ. ರಕ್ತಾಕ್ಷಿ ಸಂವತ್ಸರ, ಪುಷ್ಯ ಮಾಸ, ಅಮಾವಾಸ್ಯೆ. ಮಗ ಮಧ್ವಪತಿಯ ಹಾಡಿನಲ್ಲಿ ಬಂದ ದಿನ, ಅವತ್ತೇ ಪ್ರತಿ ವರ್ಷ ಆರಾಧನೆ. ಇಷ್ಟು ಖಚಿತ ಇದ್ದ ಮೇಲೆ ಇಸವಿ ತಪ್ಪೋಕೆ ಹೇಗೆ ಸಾಧ್ಯ?

ಲೆಕ್ಕ ಹೀಗೆ. ನಮಗೆ ಹತ್ತಿರದ ರಕ್ತಾಕ್ಷಿ 1984ರ ಯುಗಾದಿಗೆ ಶುರುವಾಗಿ 1985ರ ಯುಗಾದಿಗೆ ಮುಗೀತು. ಅರವತ್ತು ವರ್ಷದ ಏಳು ಸುತ್ತು ಹಿಂದೆ ಹೋದರೆ 420 ವರ್ಷ. ಅಲ್ಲಿಗೆ 1564ರ ಯುಗಾದಿಯಿಂದ 1565ರ ಯುಗಾದಿ. ಪುಷ್ಯ ಬರೋದು ಆ ವರ್ಷದ ಹತ್ತನೇ ತಿಂಗಳಾಗಿ, ಹೆಚ್ಚಾಗಿ ಡಿಸೆಂಬರ್ ಕೊನೆ, ಜನವರಿಯಲ್ಲಿ. ಕಂಪ್ಯೂಟರ್ ಸೈನ್ಸ್‌ನ ಇಬ್ಬರು ಅಮಾವಾಸ್ಯೆಯನ್ನ ಹಿಂದಕ್ಕೆ ಎಣಿಸಿದರು, ಮಿಕ್ಕವರು ಕೈಯಲ್ಲೇ 29.53 ದಿನದಿಂದ ಭಾಗಿಸಿ ಸರಿನೋಡಿದ್ವಿ. ಅವತ್ತಿನ ಜೂಲಿಯನ್ ಕ್ಯಾಲೆಂಡರ್‌ನಲ್ಲಿ ಸಿಕ್ಕಿದ್ದು 1565ರ ಜನವರಿ 2. ಶಕವರ್ಷ 1486. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. ಅಂತ ಶಾಲೆಯಲ್ಲಿ ಕಲಿಸ್ತಾರಲ್ಲ, ಅದು ಡಿಸೆಂಬರ್‌ವರೆಗೆ ಮಾತ್ರ ಸರಿ. ಜನವರಿಯಿಂದ ಯುಗಾದಿವರೆಗೆ 79 ಕೂಡಿಸಬೇಕು. ಯಾರೋ 78 ಕೂಡಿಸಿದರು, ಮಿಕ್ಕವರು ನೋಡಿ ಬರೆದರು. ಪ್ರೋಗ್ರಾಂ ಬರೆಯೋವಾಗ ಲೂಪ್ ಒಂದು ಕಡಿಮೆ ಓಡಿಸ್ತೀವಲ್ಲ, ಥೇಟ್ ಅದೇ ತಪ್ಪು. ಅಂಚೆ ಇಲಾಖೆಯವರು 1964ರ ಜನವರಿ 14ಕ್ಕೆ ದಾಸರ ಅಂಚೆಚೀಟಿ ತಂದರು, ನಾಡೆಲ್ಲ ನಾನೂರನೇ ವರ್ಷ ಆಚರಿಸಿತು. ನಮ್ಮ ಲೆಕ್ಕದಲ್ಲಿ ಅವತ್ತಿಗೆ 399.

ಒಂದು ವರ್ಷದಿಂದ ಏನು ಮಹಾ ವ್ಯತ್ಯಾಸ ಅಂತ ನಾವೂ ಮೊದಲು ಕೇಳಿದ್ವಿ. ಟೀಚರ್ ಇನ್ನೊಂದು ತಾರೀಕು ನೆನಪಿಸಿದರು. 1565ರ ಜನವರಿ 23, ತಾಳೀಕೋಟೆ ಯುದ್ಧ. 1564 ಅಂತ ಓದಿದರೆ ದಾಸರು ಯಾವುದೋ ಶಾಂತಿಯ ಕಾಲದಲ್ಲಿ, ತುಂಬಿದ ಹಂಪಿಯಲ್ಲಿ, ನೆಮ್ಮದಿಯಾಗಿ ಕಣ್ಣುಮುಚ್ಚಿದ ಹಾಗೆ ಕಾಣುತ್ತೆ. ನಿಜವಾಗಿ ಅವರು ಹೋದಾಗ ಸೈನ್ಯ ಹೊರಟಾಗಿತ್ತು. ರಾಮರಾಯ ಸಾಯೋಕೆ, ಹಂಪಿ ಲೂಟಿಯಾಗೋಕೆ ಮೂರು ವಾರ ಬಾಕಿ. ವಿಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಇದೆ, ಅಣೆಕಟ್ಟಿಂದ ನೀರು ಬಿಟ್ಟಾಗ ಮುಳುಗುತ್ತೆ. ಅಲ್ಲಿ ಕೂತು ಹಾಡಿದವರ ಹೆಂಡತಿ ಮಕ್ಕಳು, ಶಿಷ್ಯರು ಹದಿಮೂರನೇ ದಿನ ಮುಗಿಸಿ ಎರಡು ವಾರದೊಳಗೆ ಊರು ಖಾಲಿ ಆಗೋ ಸುದ್ದಿ ಕೇಳಿರಬೇಕು. ಹಾಡು ಬರೆದ ಓಲೆಗಳು ಏನಾದವು, ಮಕ್ಕಳ ಹೆಸರು ಯಾಕೆ ಕಲಸಿಹೋಯ್ತು, ಜೀವನ ಬರೆಯೋಕೆ ಯಾಕೆ ಯಾರೂ ಕೂರಲಿಲ್ಲ ಅನ್ನೋದಕ್ಕೆಲ್ಲ ಇದೇ ಉತ್ತರ ಅಂತ ಹೇಳೋ ಧೈರ್ಯ ನಮಗಿಲ್ಲ. ಆದರೆ 1565 ಅಂತ ಬರೆದ ಕ್ಷಣ ಆ ಪ್ರಶ್ನೆಗಳು ಬೇರೆ ಥರ ಕಾಣೋಕೆ ಶುರುವಾದವು.

ಹೊಸ ಪಾಂಪ್ಲೆಟ್‌ನ ಕರಡು ತಯಾರಾಗಿದೆ. ಹುಟ್ಟಿದ ವರ್ಷದ ಜಾಗ ಖಾಲಿ. ಊರು: ಮಲೆನಾಡು ಇರಬಹುದು. ಹಾಡುಗಳು: ಸಂಪ್ರದಾಯದ ಲೆಕ್ಕ 4,75,000, ಯಾವುದರ ಲೆಕ್ಕವೋ. ತೀರಿಕೊಂಡಿದ್ದು: 1565ರ ಜನವರಿ 2. ಮೂಗುತಿ ಕಥೆ ಪೂರ್ತಿ ಇದೆ, ಮೇಲೆ ವಿಜಯದಾಸರ ಹೆಸರೂ ಇದೆ.

ಅದನ್ನ ತಗೊಂಡು ಹೋದ ವಾರ ಮತ್ತೆ ಕಿಕ್ಕೇರಿಗೆ ಹೋಗಿದ್ವಿ, ಬೆನ್ನು ತಟ್ಟಿಸಿಕೊಳ್ಳೋಣ ಅಂತ. ಟೀಚರ್ ಜೀವನದ ಪುಟ ಓದಿ ಏನೂ ಹೇಳಲಿಲ್ಲ. ಪುಟ ತಿರುಗಿಸಿ ಹಾಡುಗಳ ಪಟ್ಟಿ ನೋಡಿದರು, ಪೆನ್ಸಿಲ್ ಹುಡುಕಿದರು. ಕೃಷ್ಣಾ ನೀ ಬೇಗನೆ ಬಾರೋ ಹಾಡಿನ ಮುಂದೆ ನಾವು ಪುರಂದರದಾಸರು ಅಂತ ಹಾಕಿದ್ವಿ. ಆ ಹಾಡಿನ ಕೊನೆಯಲ್ಲಿ ಪುರಂದರ ವಿಠಲ ಇಲ್ಲ, ಇರೋದು ಉಡುಪಿಯ ಕೃಷ್ಣ. ವ್ಯಾಸರಾಯರದು. ಕಲೋನಿಯಲ್ ಕಸಿನ್ಸ್‌ನ ಆಲ್ಬಂ ಕೇಳಿ ಕಲಿತು ಹೋದ ಸಲ ಅದನ್ನ ಹಾಡಿದ ಮೆಕ್ಯಾನಿಕಲ್ ಹುಡುಗ ನಮ್ಮ ಜೊತೆಗೇ ಬಂದಿದ್ದ. ಕೊನೆಯ ಚರಣ ಅವನು ಕಲಿತೇ ಇರಲಿಲ್ಲವಂತೆ.