ಯೀಸ್ಟಿಗೂ ಅಪ್ಪ-ಅಮ್ಮ ಉಂಟು ಎಂದು ತೋರಿಸಿದ ವಿಂಗೆ

ಗೆಳೆಯರೇ, ಕೆಂಗೇರಿಯ ಬೇಕರಿಯಿಂದ ಒಂದು ಚಿಟಿಕೆ ಯೀಸ್ಟ್ ತಂದು, ಸಕ್ಕರೆ ನೀರಿನಲ್ಲಿ ಕದಡಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆವಲ್ಲ, ನೆನಪಿದೆಯಾ? ಕೋಶದ ಪಕ್ಕದಲ್ಲಿ ಪುಟ್ಟ ಮೊಗ್ಗು ಕಂಡಿತು. ಯೀಸ್ಟ್ ಹೆಚ್ಚೋದು ಹೀಗೇ ಅಂತ ಬರೆದುಕೊಂಡೆ. ಇನ್ನೊಂದು ದಾರಿಯೂ ಇದೆ, ಎರಡು ಕೋಶ ಕೂಡಿ ಒಂದಾಗುತ್ತವೆ ಅಂದರು ಮೇಷ್ಟ್ರು. ಮೂರು ದಿನ ನೋಡಿದರೂ ನನಗೆ ಕಾಣಲಿಲ್ಲ. ಅದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಓಯ್ವಿಂಡ್ ವಿಂಗೆ.

ವಿಂಗೆ ಅವರು 1886ರಲ್ಲಿ ಡೆನ್ಮಾರ್ಕ್ ದೇಶದ ಓರ್ಹುಸ್ ಊರಿನಲ್ಲಿ ಜನಿಸಿದರು. 1921ರಲ್ಲಿ ಕೋಪನ್‌ಹೇಗನ್ ನಗರದ ಕೃಷಿ ಕಾಲೇಜಿನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕರಾದರು. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ ಬಿಡ್ತಾರಲ್ಲ, ಆ ಗಪ್ಪಿ ಮೀನನ್ನು ಸಾಕಿ, ಅದರ ಕೆಲವು ಬಣ್ಣದ ಗುರುತುಗಳು ಅಪ್ಪನಿಂದ ಗಂಡು ಮರಿಗಳಿಗೆ ಮಾತ್ರ ಬರುತ್ತವೆ ಎಂದು 1922ರಲ್ಲಿ ತಿಳಿಸಿದರು.

1933ರಲ್ಲಿ ಅವರು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯಕ್ಕೆ ಬಂದರು. ಅಲ್ಲಿಯೇ 1883ರಲ್ಲಿ ಹ್ಯಾನ್ಸೆನ್ ಎಂಬುವರು ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದರು. ಆಹಾರ ಮುಗಿದಾಗ ಯೀಸ್ಟ್ ಕೋಶ ಒಂದು ಚೀಲದಂತಾಗುತ್ತದೆ. ಒಳಗೆ ಸಾಮಾನ್ಯವಾಗಿ ನಾಲ್ಕು ಬೀಜಾಣುಗಳು. ವಿಂಗೆ ಸೂಕ್ಷ್ಮದರ್ಶಕದ ಕೆಳಗೇ ನವಿರಾದ ಸೂಜಿಯಿಂದ ಆ ಬೀಜಾಣುಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಕೈ ಸ್ವಲ್ಪ ನಡುಗಿದರೂ ಕೆಲಸ ಕೆಟ್ಟಂತೆಯೇ! ಬೀಜಾಣು ಮೊಳೆತು ಸಣ್ಣ ದುಂಡು ಕೋಶಗಳಾದವು. ಅವುಗಳಲ್ಲಿ ಎರಡೆರಡು ಅಂಟಿಕೊಂಡು ಒಂದಾಗಿ ದೊಡ್ಡ ಕೋಶವಾದವು. ಸಣ್ಣ ಕೋಶದಲ್ಲಿ ಒಂದು ಪಾಲು ವರ್ಣತಂತು, ದೊಡ್ಡದರಲ್ಲಿ ಎರಡು ಪಾಲು. ಇದನ್ನು ಅವರು 1935ರಲ್ಲಿ ಪ್ರಕಟಿಸಿದರು. ಆ ಪಾಲು 16, ಕೂಡಿದರೆ 32 ಎಂದು ಈಗ ಗೊತ್ತಾಗಿದೆ.

ಆಮೇಲೆ ಲಾಸ್ಟ್‌ಸೆನ್ ಎಂಬ ಜೊತೆಗಾರರೊಡನೆ ಎರಡು ಬಗೆಯ ಯೀಸ್ಟ್ ಕೂಡಿಸಿ ಹೊಸ ತಳಿ ಮಾಡಿದರು. ನಮ್ಮ ಹೊಲದ ಇಂಡಾಫ್ ರಾಗಿಯೂ ಎರಡು ತಳಿ ಕೂಡಿಸಿ ಮಾಡಿದ್ದೇ ಅಲ್ಲವೇ! ರಾಜಾಜಿನಗರಕ್ಕೆ ಹತ್ತಿರದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1940ರ ದಶಕದಲ್ಲಿ ಎಂ.ಕೆ. ಸುಬ್ರಮಣ್ಯಂ ಅವರು ಯೀಸ್ಟಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಾಸ ಮಾಡಿದರು. ವಿಂಗೆ 1964ರಲ್ಲಿ ತೀರಿಕೊಂಡರು. ಯೀಸ್ಟ್ ತಳಿಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ.

ಇದನ್ನೆಲ್ಲ ಓದಿದ ಮೇಲೆ ನನ್ನ ತಪ್ಪು ತಿಳೀತು. ನಾನು ದಿನಾ ಸಕ್ಕರೆ ಹಾಕಿ ಯೀಸ್ಟಿನ ಹೊಟ್ಟೆ ತುಂಬಿಸುತ್ತಿದ್ದೆ. ಹೊಟ್ಟೆ ತುಂಬಿದ್ದಾಗ ಅದು ಮೊಗ್ಗು ಬಿಡುತ್ತದೆ, ಬೀಜಾಣು ಕಟ್ಟುವುದಿಲ್ಲ. ಮುಂದಿನ ಸಲ ಹಸಿವಿನಲ್ಲಿಟ್ಟು ನೋಡ್ತೀನಿ. ಮೊದಲು ನಾಲ್ಕು ಬೀಜಾಣು ಕಂಡರೆ ಸಾಕು, ಎಲ್ಲರನ್ನೂ ಕರೀತೀನಿ. ಬನ್ನಿ!